ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ತೊಂದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದವೇ ಹೆಚ್ಚು. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡ ಮೇಲೆ ವೈಫೈ ಕೈಕೊಟ್ಟಿದೆ ಎಂಬುದು ಬಹುತೇಕ ಎಲ್ಲರ ದೂರು. ಆದರೆ ಪತ್ರಗಳನ್ನು ನಿಧಾನವಾಗಿ ಓದಿದರೆ ಇವು ಒಂದೇ ಬಗೆಯ ತೊಂದರೆಗಳಲ್ಲ ಎಂಬುದು ತಿಳಿಯುತ್ತದೆ. ಕೆಲವರಿಗೆ ವೈಫೈ ಗುರುತೇ ಕಾಣುವುದಿಲ್ಲ, ಕೆಲವರಿಗೆ ಜಾಲಗಳ ಪಟ್ಟಿ ಕಂಡರೂ ಸೇರಲು ಆಗುವುದಿಲ್ಲ, ಇನ್ನು ಕೆಲವರಿಗೆ ಸೇರಿದ ಮೇಲೂ ಒಂದು ಪುಟ ತೆರೆಯುವುದಿಲ್ಲ. ಪಂಪ್‌ಸೆಟ್ ನೀರೆತ್ತದಿದ್ದಾಗ ರೈತರು ಮೊದಲು ಕರೆಂಟು, ಆಮೇಲೆ ಸ್ಟಾರ್ಟರ್, ಕೊನೆಗೆ ಫುಟ್‌ವಾಲ್ವ್ ನೋಡುತ್ತಾರೆಯೇ ಹೊರತು ನೇರವಾಗಿ ಮೋಟಾರು ಬಿಚ್ಚುವುದಿಲ್ಲ. ಇಲ್ಲಿಯೂ ಅದೇ ಕ್ರಮ ಬೇಕು: ಯಂತ್ರಕ್ಕೆ ವೈಫೈ ಕಾರ್ಡು ಕಾಣುತ್ತಿದೆಯೇ, ಅದಕ್ಕೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಅಂಟಿದೆಯೇ, ಕಾರ್ಡಿಗೆ ತಡೆ ಬಿದ್ದಿದೆಯೇ, ರೂಟರ್ ಜೊತೆ ಸಂಪರ್ಕ ಆಗಿದೆಯೇ, ವಿಳಾಸ ಸಿಕ್ಕಿದೆಯೇ ಎಂದು ಒಂದಾದ ಮೇಲೊಂದು ನೋಡುತ್ತ ಹೋಗಬೇಕು. ಎಲ್ಲಿ ಉತ್ತರ ‘ಇಲ್ಲ’ ಎಂದು ಬರುತ್ತದೋ ಅಲ್ಲಿಗೆ ನಿಂತು ಅದನ್ನಷ್ಟೇ ಸರಿಪಡಿಸಬೇಕು. ಎಲ್ಲೋ ಸಿಕ್ಕಿದ ಹತ್ತು ಆದೇಶಗಳನ್ನು ಅರ್ಥ ತಿಳಿಯದೆ ಅಂಟಿಸಿದವರ ಯಂತ್ರಗಳನ್ನು ಸರಿಪಡಿಸುವುದು ಮೂಲ ತೊಂದರೆಯನ್ನು ಸರಿಪಡಿಸುವುದಕ್ಕಿಂತ ಕಷ್ಟ.

ಪತ್ರ ಬರೆಯುವವರಲ್ಲಿ ಒಂದು ವಿನಂತಿ. ಬಹಳ ಮಂದಿ ಲ್ಯಾಪ್‌ಟಾಪ್‌ನ ಕಂಪನಿ ಮತ್ತು ಮಾದರಿಯ ಹೆಸರನ್ನಷ್ಟೇ ಬರೆಯುತ್ತಾರೆ. ಒಂದೇ ಮಾದರಿಯ ಲ್ಯಾಪ್‌ಟಾಪ್‌ಗೆ ತಯಾರಕರು ಬೇರೆ ಬೇರೆ ಚಿಪ್‌ಗಳ ವೈಫೈ ಕಾರ್ಡುಗಳನ್ನು ಹಾಕುವುದುಂಟು, ಆದ್ದರಿಂದ ನಮಗೆ ಬೇಕಾದದ್ದು ಒಳಗಿನ ಚಿಪ್‌ನ ಹೆಸರು ಮತ್ತು ಸಂಖ್ಯೆ. ಅದನ್ನು ತಿಳಿಯುವ ಬಗೆ ಮೊದಲ ಉತ್ತರದಲ್ಲಿಯೇ ಇದೆ. ಆದೇಶಗಳನ್ನು ಈ ಅಂಕಣದಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಮಾಡುತ್ತೇವೆ. ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು.

ಪ್ರಶ್ನೆ: ಅಣ್ಣ ಬಳಸಿ ಬಿಟ್ಟ ಸುಮಾರು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ. ಉಳಿದದ್ದೆಲ್ಲ ಚುರುಕಾಗಿ ನಡೆಯುತ್ತದೆ, ಆದರೆ ವೈಫೈ ಗುರುತೇ ಇಲ್ಲ. ಅಂತರ್ಜಾಲವಿಲ್ಲದೆ ಡ್ರೈವರ್ ಇಳಿಸಿಕೊಳ್ಳಲಾಗದು, ಡ್ರೈವರ್ ಇಲ್ಲದೆ ಅಂತರ್ಜಾಲ ಸಿಗದು. ಏನು ಮಾಡಲಿ?
— ಪದವಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಈ ಗಂಟನ್ನು ಬಿಡಿಸಲು ನಿಮ್ಮ ಮೊಬೈಲ್ ಫೋನ್ ಸಾಕು. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಸಿಗುವ ‘ಯುಎಸ್‌ಬಿ ಟೆಥರಿಂಗ್’ ಎಂಬುದನ್ನು ಚಾಲೂ ಮಾಡಿ. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ಭಾವಿಸಿ ಕೆಲವು ಕ್ಷಣಗಳಲ್ಲಿ ಅಂತರ್ಜಾಲಕ್ಕೆ ಸೇರಿಕೊಳ್ಳುತ್ತದೆ, ಇದಕ್ಕೆ ಬೇರೆ ಡ್ರೈವರ್ ಬೇಡ. ಫೋನು ಆ ಹೊತ್ತಿಗೆ ಮನೆಯ ವೈಫೈಗೆ ಸೇರಿದ್ದರೆ ಸಾಮಾನ್ಯವಾಗಿ ಅದನ್ನೇ ಲ್ಯಾಪ್‌ಟಾಪ್‌ಗೆ ದಾಟಿಸುವುದರಿಂದ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ. ಒಂದು ಎಚ್ಚರಿಕೆ: ಬಸ್ ನಿಲ್ದಾಣದ ಬಳಿ ಅಗ್ಗಕ್ಕೆ ಸಿಗುವ ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿಗಳು ಮಾತ್ರ ಇದ್ದು, ಡೇಟಾ ಹರಿಯುವ ತಂತಿಗಳೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತಿದ್ದರೂ ಟೆಥರಿಂಗ್ ಆಯ್ಕೆ ಮಸುಕಾಗಿಯೇ ಇದ್ದರೆ ಕೇಬಲ್ ಬದಲಿಸಿ ನೋಡಿ.

ಇನ್ನು ಚಿಪ್ ಯಾವುದೆಂದು ತಿಳಿಯೋಣ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಎನ್‌ಎನ್‌ಕೆ’ ಎಂದು ಸೇರಿಸಿ ಎಂಟರ್ ಒತ್ತಿ. ಬರುವ ಉದ್ದ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಿ. ಅದರ ಕೊನೆಯಲ್ಲಿ ಚೌಕ ಕಂಸದೊಳಗೆ ಅಪೂರ್ಣ ವಿರಾಮದಿಂದ ಬೇರ್ಪಟ್ಟ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ತಯಾರಕರ ಗುರುತು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಅಥೆರಾಸ್, 14ಸಿ3 ಎಂದರೆ ಮೀಡಿಯಾಟೆಕ್. ಎರಡನೆಯದು ಆ ಚಿಪ್‌ನ ಗುರುತು. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್ ಅಂಟಿದೆ ಎಂದರ್ಥ, ಆ ಸಾಲೇ ಇಲ್ಲದಿದ್ದರೆ ತೊಂದರೆ ಅಲ್ಲಿಯೇ ಇದೆ.

ನೀವು ಪತ್ರದ ಜೊತೆ ಕಳುಹಿಸಿದ ಪರದೆಯ ಚಿತ್ರದಲ್ಲಿ 14ಇ4 ಮತ್ತು 4365 ಎಂದಿದೆ, ಡ್ರೈವರ್ ಸಾಲು ಇಲ್ಲ. ಅದು ಬ್ರಾಡ್‌ಕಾಮ್ ಬಿಸಿಎಂ 43142 ಎಂಬ ಚಿಪ್. 2013ರಿಂದ ಕೆಲವು ವರ್ಷ ಮಾರಾಟವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಇರುವ ಮುಕ್ತ ಡ್ರೈವರ್‌ಗಳು ಈ ಚಿಪ್ಪನ್ನು ನಡೆಸಲಾರವು, ಬ್ರಾಡ್‌ಕಾಮ್ ಕಂಪನಿಯೇ ಕೊಟ್ಟಿರುವ ‘ಡಬ್ಲ್ಯುಎಲ್’ ಎಂಬ ಮುಚ್ಚಿದ ಡ್ರೈವರ್ ಬೇಕು. ಅದರ ಮೂಲ ಸಂಕೇತ ಬಹಿರಂಗವಿಲ್ಲದ ಕಾರಣ ಅದು ತಾನಾಗಿ ಸ್ಥಾಪನೆಯಾಗಿಲ್ಲ. ಟೆಥರಿಂಗ್ ಚಾಲೂ ಇಟ್ಟುಕೊಂಡೇ ಮಿಂಟ್‌ನ ಮೆನುವಿನಿಂದ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬ್ರಾಡ್‌ಕಾಮ್ ಹೆಸರಿನಲ್ಲಿ ಒಂದು ಆಯ್ಕೆ ಕಾಣುತ್ತದೆ. ಅದನ್ನು ಆರಿಸಿ ‘ಅಪ್ಲೈ’ ಒತ್ತಿ. ಉಬುಂಟು ಬಳಸುವವರಿಗೆ ಇದೇ ಸೌಲಭ್ಯ ‘ಅಡಿಷನಲ್ ಡ್ರೈವರ್ಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಫೋನಿನ ಸೌಲಭ್ಯವೂ ಇಲ್ಲದಿದ್ದರೆ ಮಿಂಟ್ ಹಾಕಲು ಬಳಸಿದ ಪೆನ್‌ಡ್ರೈವನ್ನೇ ಮತ್ತೆ ಸಿಕ್ಕಿಸಿ ಡ್ರೈವರ್ ಮ್ಯಾನೇಜರ್ ತೆರೆಯಬಹುದು, ಈ ಡ್ರೈವರ್ ಅದರೊಳಗೆ ಇರುತ್ತದೆ.

ಇಷ್ಟಾದ ಮೇಲೆ ಬಹಳ ಜನ ಎಡವುವುದು ಸೆಕ್ಯೂರ್ ಬೂಟ್‌ನಲ್ಲಿ. ಅದು ಚಾಲೂ ಇರುವ ಯಂತ್ರವು ಗುರುತಿನ ಮುದ್ರೆಯಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಸ್ಥಾಪನೆಯ ಹೊತ್ತಿನಲ್ಲಿ ಒಂದು ಗುಪ್ತಪದ ಕೊಡುವಂತೆ ಕೇಳುತ್ತದೆ, ಮರುಚಾಲನೆಯಾದಾಗ ನೀಲಿ ಪರದೆಯೊಂದು ಬರುತ್ತದೆ. ಆ ಪರದೆ ಕಾಯುವುದು ಹತ್ತೇ ಸೆಕೆಂಡು. ಅಷ್ಟರಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮೋಕ್’ ಆರಿಸಿ, ‘ಕಂಟಿನ್ಯೂ’ ಮತ್ತು ‘ಯೆಸ್’ ಹೇಳಿ, ಆ ಗುಪ್ತಪದವನ್ನೇ ಕೊಡಬೇಕು. ಚಹಾ ತರಲು ಎದ್ದು ಹೋಗಿದ್ದರೆ ಪರದೆ ತಾನಾಗಿ ಮಾಯವಾಗಿ, ಡ್ರೈವರ್ ಸ್ಥಾಪನೆಯಾಗಿದ್ದರೂ ವೈಫೈ ಇಲ್ಲದ ಸ್ಥಿತಿ ಉಳಿಯುತ್ತದೆ. ಬಯೋಸ್‌ಗೆ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶ) ಹೋಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡುವುದು ಸುಲಭದ ದಾರಿ, ಹಳೆಯ ಯಂತ್ರದಲ್ಲಿ ಲಿನಕ್ಸ್ ಒಂದೇ ಇದ್ದರೆ ನಾನು ಅದಕ್ಕೆ ಅಡ್ಡಿ ಹೇಳುವುದಿಲ್ಲ. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಮಾತ್ರ ಮುದ್ರೆ ನೋಂದಾಯಿಸುವ ದಾರಿಯನ್ನೇ ಹಿಡಿಯಿರಿ.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕದ ಲೆಕ್ಕಪತ್ರಕ್ಕೆ ಉಬುಂಟು ಬಳಸುತ್ತೇವೆ. ರೂಟರ್ ಪಕ್ಕದಲ್ಲೇ ಕೂತರೆ ವೈಫೈ ಚೆನ್ನಾಗಿದೆ, ನಾಲ್ಕು ಹೆಜ್ಜೆ ದೂರ ಹೋದರೆ ಕಡ್ಡಿಗಳು ಇಳಿದು ಸಂಪರ್ಕ ತಪ್ಪುತ್ತದೆ. ಅದೇ ಜಾಗದಲ್ಲಿ ಫೋನಿಗೆ ಪೂರ್ತಿ ಸಿಗ್ನಲ್ ಇರುತ್ತದೆ. ಚಿಪ್ ರಿಯಲ್‌ಟೆಕ್ ಆರ್‌ಟಿಎಲ್ 8723ಬಿಇ.
— ಲೆಕ್ಕಿಗರು, ಬಳ್ಳಾರಿ

ಉತ್ತರ: ಚಿಪ್ ಸಂಖ್ಯೆ ಬರೆದದ್ದಕ್ಕೆ ಧನ್ಯವಾದ, ಅದೊಂದರಿಂದಲೇ ಉತ್ತರ ಅರ್ಧ ಸಿಕ್ಕಿತು. ಈ ಕಾರ್ಡಿಗೆ ಆಂಟೆನಾ ಜೋಡಿಸಲು ಎರಡು ಮೊಳೆಗಳಿರುತ್ತವೆ. ಹಣ ಉಳಿಸಲು ಕೆಲವು ಲ್ಯಾಪ್‌ಟಾಪ್ ತಯಾರಕರು ಒಂದೇ ಆಂಟೆನಾ ತಂತಿ ಹಾಕಿ ಅದನ್ನು ಒಂದು ಮೊಳೆಗೆ ಸಿಕ್ಕಿಸಿ ಬಿಟ್ಟಿದ್ದಾರೆ. ಯಾವ ಮೊಳೆಗೆ ತಂತಿ ಇದೆ ಎಂಬ ಮಾಹಿತಿ ಕಾರ್ಡಿನಲ್ಲಿ ಸರಿಯಾಗಿ ದಾಖಲಾಗದೆ ಇದ್ದಾಗ ಲಿನಕ್ಸ್ ಡ್ರೈವರ್ ಖಾಲಿ ಮೊಳೆಯ ಮೂಲಕವೇ ಆಲಿಸುತ್ತ ಕೂರುತ್ತದೆ. ಆದ್ದರಿಂದ ರೂಟರ್ ಮೂಗಿನ ಮುಂದಿದ್ದಾಗ ಮಾತ್ರ ಕೇಳಿಸುತ್ತದೆ. ಇದು ಯಂತ್ರದ ಕೆಡುಕಲ್ಲ, ಹೊಸ ಕಾರ್ಡ್ ಕೊಳ್ಳುವ ಅಗತ್ಯವೂ ಇಲ್ಲ.

ಡ್ರೈವರ್‌ಗೆ ಯಾವ ಮೊಳೆ ಬಳಸಬೇಕೆಂದು ಹೇಳುವ ಒಂದು ಆಯ್ಕೆ ಇದೆ. ಮೊದಲು ತಾತ್ಕಾಲಿಕವಾಗಿ ಪರೀಕ್ಷಿಸಿ: ‘ಸುಡೊ ಮಾಡ್‌ಪ್ರೋಬ್’ ಎಂದು ಬರೆದು, ಅಡ್ಡಗೆರೆ ‘ಆರ್’, ಆಮೇಲೆ ‘ಆರ್‌ಟಿಎಲ್8723ಬಿಇ’ ಎಂದು ಕೊಟ್ಟರೆ ಡ್ರೈವರ್ ಕಳಚುತ್ತದೆ. ಅದನ್ನೇ ಅಡ್ಡಗೆರೆ ಆರ್ ಇಲ್ಲದೆ ಮತ್ತೆ ಬರೆದು, ಕೊನೆಗೆ ಜಾಗ ಬಿಟ್ಟು ‘ಎಎನ್‌ಟಿ’, ಅಡಿಗೆರೆ, ‘ಎಸ್‌ಇಎಲ್’, ಸಮ ಚಿಹ್ನೆ, 2 ಎಂದು ಎಡೆಯಿಲ್ಲದೆ ಸೇರಿಸಿದರೆ ಡ್ರೈವರ್ ಎರಡನೆಯ ಮೊಳೆಯನ್ನು ಹಿಡಿದು ಮರಳಿ ಬರುತ್ತದೆ. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ’ ಎಂಬ ಆದೇಶವು ಪ್ರತಿ ಜಾಲದ ಬಲವನ್ನು ನೂರಕ್ಕೆ ಎಷ್ಟು ಎಂದು ತೋರಿಸುತ್ತದೆ. ಅದೇ ಕುರ್ಚಿಯಲ್ಲಿ ಕೂತು ಮೊದಲಿನ ಮತ್ತು ಆಮೇಲಿನ ಸಂಖ್ಯೆಯನ್ನು ಬರೆದುಕೊಳ್ಳಿ. ಏರಿಕೆ ಕಾಣದಿದ್ದರೆ 2ರ ಬದಲು 1 ಕೊಟ್ಟು ನೋಡಿ. ಫಲ ಸಿಕ್ಕಿದ ಸಂಖ್ಯೆಯನ್ನು ಶಾಶ್ವತಗೊಳಿಸಲು ‘ಇಟಿಸಿ’ ಕಡತಕೋಶದೊಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ ಎಂಬಲ್ಲಿ ‘ಕಾನ್ಫ್’ ಎಂದು ಕೊನೆಗೊಳ್ಳುವ ಹೆಸರಿನ ಹೊಸ ಕಡತ ಮಾಡಿ, ‘ಆಪ್ಷನ್ಸ್’ ಎಂಬ ಪದ, ಡ್ರೈವರ್ ಹೆಸರು, ಆಯ್ಕೆ ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.

ಈ ಚಿಪ್ 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯಲ್ಲಿ (ಬ್ಯಾಂಡ್) ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನೂ ಗಮನದಲ್ಲಿಡಿ. ರೂಟರ್‌ನ 5 ಗಿಗಾಹರ್ಟ್ಸ್ ಜಾಲವು ಫೋನಿನಲ್ಲಿ ಕಂಡು ಲ್ಯಾಪ್‌ಟಾಪ್‌ನಲ್ಲಿ ಕಾಣದಿದ್ದರೆ ಅದು ಲಿನಕ್ಸ್‌ನ ದೋಷವಲ್ಲ.

ಪ್ರಶ್ನೆ: ವೈಫೈ ಸೇರುತ್ತದೆ, ಆದರೆ ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿ ಕಡಿದುಹೋಗುತ್ತದೆ. ಆನ್‌ಲೈನ್ ಪಾಠದ ನಡುವೆ ಮಕ್ಕಳು ಕಾಯುತ್ತ ಕೂರಬೇಕಾಗುತ್ತದೆ. ಮನೆ ಹಳೆಯ ಕಾಲದ್ದು, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಇಂಟೆಲ್ ಚಿಪ್, ಲಿನಕ್ಸ್ ಮಿಂಟ್.
— ಶಿಕ್ಷಕರು, ಕುಷ್ಟಗಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಶಂಕಿತರಿದ್ದಾರೆ, ಒಬ್ಬರು ಲ್ಯಾಪ್‌ಟಾಪ್‌ನೊಳಗೆ, ಇನ್ನೊಬ್ಬರು ಗೋಡೆಯಲ್ಲಿ. ಮೊದಲು ಒಳಗಿನದನ್ನು ನೋಡೋಣ. ಬ್ಯಾಟರಿ ಉಳಿಸಲೆಂದು ವೈಫೈ ಕಾರ್ಡು ಸಂದೇಶವಿಲ್ಲದ ಹೊತ್ತಿನಲ್ಲಿ ತೂಕಡಿಸುವ ವ್ಯವಸ್ಥೆಯೊಂದು ಉಬುಂಟು ಮತ್ತು ಮಿಂಟ್‌ಗಳಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ಕೆಲವು ರೂಟರ್‌ಗಳು ತೂಕಡಿಸುವ ಕಾರ್ಡು ಎದ್ದು ಉತ್ತರಿಸುವವರೆಗೆ ಕಾಯುವುದಿಲ್ಲ. ‘ಇಟಿಸಿ’ಯೊಳಗಿನ ‘ನೆಟ್‌ವರ್ಕ್‌ಮ್ಯಾನೇಜರ್’ ಕಡತಕೋಶದಲ್ಲಿ ‘ಕಾನ್ಫ್ ಡಾಟ್ ಡಿ’ ಎಂಬುದನ್ನು ತೆರೆದರೆ ‘ಡೀಫಾಲ್ಟ್ ವೈಫೈ ಪವರ್‌ಸೇವ್ ಆನ್’ ಎಂಬ ಹೆಸರಿನ ಕಡತ ಸಿಗುತ್ತದೆ. ಅದರಲ್ಲಿ ‘ವೈಫೈ ಡಾಟ್ ಪವರ್‌ಸೇವ್’ ಎಂಬುದರ ಮುಂದೆ 3 ಎಂದಿದ್ದರೆ ಉಳಿತಾಯ ಚಾಲೂ ಎಂದರ್ಥ, ಅದನ್ನು 2 ಎಂದು ತಿದ್ದಿ ಯಂತ್ರವನ್ನು ಮರುಚಾಲನೆ ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಪಾಠ ಕಡಿಯುವುದಕ್ಕಿಂತ ಅದು ವಾಸಿ.

ಇದರಿಂದಲೂ ನಿಲ್ಲದಿದ್ದರೆ ಗೋಡೆಯ ಕಡೆ ತಿರುಗಬೇಕು. ನಮ್ಮ ಭಾಗದ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ಬಿಸಿಲನ್ನು ತಡೆಯುವಂತೆಯೇ ರೇಡಿಯೊ ಅಲೆಗಳನ್ನೂ ತಡೆಯುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಬೇಗ ಸೊರಗುತ್ತವೆ. ಈಗಿನ ರೂಟರ್‌ಗಳು ಎರಡು ಪಟ್ಟಿಗಳನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುವುದರಿಂದ ಲ್ಯಾಪ್‌ಟಾಪ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ, ಪ್ರತಿ ಜಿಗಿತಕ್ಕೂ ಪಾಠ ನಿಲ್ಲುತ್ತದೆ. ಜಾಲದ ಸಂಪರ್ಕಗಳನ್ನು ತಿದ್ದುವ ಕಿಟಕಿಯಲ್ಲಿ ನಿಮ್ಮ ವೈಫೈ ಹೆಸರನ್ನು ತೆರೆದು ‘ಬ್ಯಾಂಡ್’ ಎಂಬಲ್ಲಿ 2.4 ಗಿಗಾಹರ್ಟ್ಸ್ ಎಂದು ನಿಗದಿ ಮಾಡಿ. ವೇಗ ಕಡಿಮೆಯಾದರೂ ಸಂಪರ್ಕ ನಿಲ್ಲುತ್ತದೆ, ಮತ್ತು ಪಾಠಕ್ಕೆ ಬೇಕಾದದ್ದು ನಿಲ್ಲುವ ಸಂಪರ್ಕವೇ. ಸಾಧ್ಯವಿದ್ದರೆ ರೂಟರನ್ನು ಗೂಡಿನೊಳಗಿಂದ ತೆಗೆದು, ಬಾಗಿಲ ತೆರವಿಗೆ ಎದುರಾಗುವಂತೆ ಎತ್ತರದಲ್ಲಿಡಿ. ಅಲೆಗಳು ಕಲ್ಲಿಗಿಂತ ಬಾಗಿಲ ಮೂಲಕ ಸಲೀಸಾಗಿ ಬರುತ್ತವೆ.

ಯಾವುದು ನಿಜವಾದ ಕಾರಣ ಎಂದು ಊಹಿಸುವ ಬದಲು ಯಂತ್ರದ ದಿನಚರಿಯನ್ನೇ ಕೇಳಬಹುದು. ಸಂಪರ್ಕ ಕಡಿದ ಕೂಡಲೇ ಗಡಿಯಾರ ನೋಡಿಕೊಂಡು, ‘ಸುಡೊ’ ಎಂದು ಬರೆದು, ‘ಡಿಮೆಸೇಜ್’ ಎಂದು ಓದುವ ‘ಡಿಎಂಇಎಸ್‌ಜಿ’ ಆದೇಶವನ್ನು ಅಡ್ಡಗೆರೆ ಮತ್ತು ದೊಡ್ಡಕ್ಷರದ ‘ಟಿ’ ಸೇರಿಸಿ ಕೊಟ್ಟು ಆ ಹೊತ್ತಿನ ಸಾಲುಗಳನ್ನು ಓದಿ. ‘ಡೀಆಥೆಂಟಿಕೇಟೆಡ್’ ಅಥವಾ ‘ಡಿಸ್‌ಅಸೋಸಿಯೇಟೆಡ್’ ಎಂಬ ಸಾಲಿನ ಪಕ್ಕದಲ್ಲಿ ಕಾರಣದ ಸಂಖ್ಯೆ ಇರುತ್ತದೆ. 4 ಎಂದಿದ್ದರೆ ಲ್ಯಾಪ್‌ಟಾಪ್ ಮೌನವಾಗಿದೆ ಎಂದು ರೂಟರ್ ಕೈಬಿಟ್ಟಿದೆ, ತೂಕಡಿಕೆಯ ಶಂಕೆಗೆ ಅದು ಬಲ ಕೊಡುತ್ತದೆ. 15 ಎಂದಿದ್ದರೆ ಗುಪ್ತಪದದ ಮಾತುಕತೆ ಪೂರ್ತಿಯಾಗಲಿಲ್ಲ ಎಂದರ್ಥ. ಗುಪ್ತಪದ ತಪ್ಪಿದ್ದಾಗ ಇದು ಬರುತ್ತದೆ, ಸರಿಯಿದ್ದೂ ಬಂದರೆ ಸಿಗ್ನಲ್ ತೀರ ಕ್ಷೀಣವಾಗಿದೆ.

ಪ್ರಶ್ನೆ: ನಿನ್ನೆ ಅಪ್‌ಡೇಟ್ ಮಾಡಿದೆ, ಇಂದು ವೈಫೈ ಇಲ್ಲ. ಮತ್ತೆ ಮೊದಲಿನಿಂದ ಲಿನಕ್ಸ್ ಹಾಕಬೇಕೇ?
— ಸಂಡೂರಿನ ಓದುಗರು

ಉತ್ತರ: ಖಂಡಿತ ಬೇಡ. ಹೊಸ ಕರ್ನಲ್ ಬಂದಾಗಲೂ ಲಿನಕ್ಸ್ ಹಳೆಯದನ್ನು ಅಳಿಸದೆ ಇಟ್ಟುಕೊಂಡಿರುತ್ತದೆ. ಯಂತ್ರ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿ ಒತ್ತಿ ಗ್ರಬ್ ಮೆನು ತಂದು, ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಸಂಖ್ಯೆಯ ಕರ್ನಲ್ ಆರಿಸಿ. ಅಲ್ಲಿ ವೈಫೈ ಬಂದರೆ ಕಾರ್ಡು ಚೆನ್ನಾಗಿದೆ, ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿಲ್ಲದಿರುವ ಸಾಧ್ಯತೆ ಹೆಚ್ಚು. ಕರ್ನಲ್‌ನ ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನು ಪ್ರತಿ ಹೊಸ ಕರ್ನಲ್‌ಗೂ ಹೊಸದಾಗಿ ಕಟ್ಟಬೇಕು. ಆ ಕೆಲಸವನ್ನು ‘ಡಿಕೆಎಂಎಸ್’ ಎಂಬ ವ್ಯವಸ್ಥೆ ತಾನಾಗಿ ಮಾಡುತ್ತದೆ, ಆದರೆ ಅದಕ್ಕೆ ‘ಕರ್ನಲ್ ಹೆಡರ್ಸ್’ ಎಂಬ ಪ್ಯಾಕೇಜು ಇರಲೇಬೇಕು. ಹಳೆಯ ಕರ್ನಲ್‌ನಲ್ಲಿ ಕೂತು ಹೆಡರ್ಸ್ ಸ್ಥಾಪಿಸಿ, ವೈಫೈ ಡ್ರೈವರ್ ಪ್ಯಾಕೇಜನ್ನು ಮರುಸ್ಥಾಪಿಸಿ. ಕೈಯಾರೆ ಕಟ್ಟಿದ ಡ್ರೈವರ್ ಆಗಿದ್ದರೆ ಡಿಕೆಎಂಎಸ್‌ಗೆ ಸೇರಿಸದ ಹೊರತು ಪ್ರತಿ ಸಲವೂ ಇದೇ ಪಾಡು.

ಪ್ರಶ್ನೆ: ವಿಂಡೋಸ್ ಮತ್ತು ಉಬುಂಟು ಎರಡೂ ಇವೆ. ವಿಂಡೋಸ್ ಬಳಸಿ ಮುಚ್ಚಿದ ಮೇಲೆ ಉಬುಂಟು ತೆರೆದರೆ ವೈಫೈ ಕಾಣುವುದಿಲ್ಲ, ಗಡಿಯಾರವೂ ತಪ್ಪು ಸಮಯ ತೋರಿಸುತ್ತದೆ. ಎರಡಕ್ಕೂ ಸಂಬಂಧವಿದೆಯೇ?
— ರಾಯಚೂರಿನ ಓದುಗರು

ಉತ್ತರ: ಎರಡಕ್ಕೂ ಮೂಲ ವಿಂಡೋಸ್‌ನ ಪದ್ಧತಿಗಳೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ. ವೈಫೈ ಕಾರ್ಡು ಆಗ ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಉಳಿದು, ಲಿನಕ್ಸ್ ಡ್ರೈವರ್ ಎಬ್ಬಿಸಿದರೂ ಏಳದಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಪವರ್ ಗುಂಡಿಗಳು ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆಯಿರಿ. ಸದ್ಯಕ್ಕೆ ವೈಫೈ ಬೇಕಿದ್ದರೆ ವಿಂಡೋಸ್‌ನಲ್ಲಿ ಶಟ್‌ಡೌನ್ ಬದಲು ‘ರೀಸ್ಟಾರ್ಟ್’ ಒತ್ತಿ ಅಲ್ಲಿಂದ ಉಬುಂಟುಗೆ ಬನ್ನಿ.

ಗಡಿಯಾರದ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇರಬೇಕು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಅದನ್ನು ಸಾರ್ವತ್ರಿಕ ಸಮಯವೆಂದು ಓದಿ ಭಾರತದ 5:30 ಗಂಟೆ ಕೂಡಿಸುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಆದೇಶದ ‘ಸೆಟ್ ಲೋಕಲ್ ಆರ್‌ಟಿಸಿ’ ಆಯ್ಕೆಗೆ 1 ಕೊಟ್ಟರೆ ಲಿನಕ್ಸ್ ಕೂಡ ವಿಂಡೋಸ್‌ನಂತೆಯೇ ಓದುತ್ತದೆ. ಆ ಆಯ್ಕೆಯ ಮುಂದೆ ಅಡ್ಡಗೆರೆ ಬೇಡ, ಪದಗಳ ನಡುವೆ ಮಾತ್ರ ಒಂದೊಂದು ಅಡ್ಡಗೆರೆ ಬರಬೇಕು. ವ್ಯತ್ಯಾಸ ಗಂಟೆಗಳದ್ದಲ್ಲದೆ ವರ್ಷಗಳದ್ದಾಗಿದ್ದರೆ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತಿದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬ್ರೌಸರ್ ನಿರಾಕರಿಸುತ್ತದೆ, ಬಳಸುವವರು ವೈಫೈಯನ್ನು ಬೈಯುತ್ತಾರೆ.

ಪ್ರಶ್ನೆ: ಹಾಸ್ಟೆಲ್‌ನ ವೈಫೈ ಹೆಸರು ಮತ್ತು ಗುಪ್ತಪದ ಎರಡನ್ನೂ ಕೇಳುತ್ತದೆ. ಫೋನಿನಲ್ಲಿ ಸೇರುತ್ತದೆ, ಲಿನಕ್ಸ್‌ನಲ್ಲಿ ಮತ್ತೆ ಮತ್ತೆ ಗುಪ್ತಪದ ಕೇಳುತ್ತಲೇ ಇರುತ್ತದೆ.
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಇದು ‘ಎಂಟರ್‌ಪ್ರೈಸ್’ ಬಗೆಯ ಜಾಲ. ಸಂಪರ್ಕದ ಕಿಟಕಿಯಲ್ಲಿ ಭದ್ರತೆ ‘ಡಬ್ಲ್ಯುಪಿಎ 2 ಎಂಟರ್‌ಪ್ರೈಸ್’, ದೃಢೀಕರಣ ‘ಪೀಪ್’, ಒಳಗಿನ ದೃಢೀಕರಣ ‘ಎಂಎಸ್‌ಚಾಪ್ ವಿ2’ ಎಂದು ಆರಿಸುವುದು ಸಾಮಾನ್ಯವಾಗಿ ಸರಿಹೊಂದುತ್ತದೆ. ಖಚಿತಪಡಿಸಿಕೊಳ್ಳಲು ಜಾಲ ನೋಡಿಕೊಳ್ಳುವವರನ್ನು ಕೇಳಿ. ಅವರಿಂದ ಪ್ರಮಾಣಪತ್ರದ ಕಡತವನ್ನೂ ಪಡೆಯಿರಿ. ‘ಪ್ರಮಾಣಪತ್ರ ಬೇಡ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಸಂಪರ್ಕ ಸಿಗುತ್ತದೆ ನಿಜ, ಆದರೆ ಅದೇ ಹೆಸರಿನ ನಕಲಿ ವೈಫೈ ತೆರೆದವರ ಕೈಗೆ ನಿಮ್ಮ ಗುಪ್ತಪದ ಹೋಗುವ ಬಾಗಿಲೂ ತೆರೆಯುತ್ತದೆ. ಪರೀಕ್ಷಾ ಫಲಿತಾಂಶಕ್ಕೂ ಅದೇ ಗುಪ್ತಪದ ಬಳಸುವ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಬುಂಟು 22.04ರಿಂದೀಚೆಗೆ ಓಪನ್‌ಎಸ್‌ಎಸ್‌ಎಲ್ 3 ಬಂದು ಹಳೆಯ, ದುರ್ಬಲ ಸುರಕ್ಷಾ ವಿಧಾನಗಳನ್ನು ನಿರಾಕರಿಸುತ್ತದೆ. ಎಲ್ಲವೂ ಸರಿಯಿದ್ದೂ ಸೇರದಿದ್ದರೆ ಹಾಸ್ಟೆಲ್‌ನ ಸರ್ವರ್ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಪಡಿಸಬೇಕಾದದ್ದು ಅಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಕೊಂಡು ಡೆಬಿಯನ್ 12 ಹಾಕಿದೆ. ಚಿಪ್ ಆರ್‌ಟಿಎಲ್ 8852ಬಿಇ. ಹಳೆಯ ಯಂತ್ರದಲ್ಲಿ ಇದೇ ಡೆಬಿಯನ್ ಚೆನ್ನಾಗಿತ್ತು, ಹೊಸದರಲ್ಲಿ ವೈಫೈ ಇಲ್ಲ.
— ಲಿಂಗಸುಗೂರಿನ ಓದುಗರು

ಉತ್ತರ: ಇಲ್ಲಿ ಯಂತ್ರ ಹೊಸದು, ಕರ್ನಲ್ ಹಳೆಯದು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ 6.1 ಕರ್ನಲ್ ಇದೆ, ನಿಮ್ಮ ಚಿಪ್‌ಗೆ ಡ್ರೈವರ್ ಸೇರಿದ್ದು 6.2ರಲ್ಲಿ. ಹೊಸ ಪ್ಯಾಕೇಜುಗಳನ್ನು ಹಳೆಯ ಆವೃತ್ತಿಗೆ ಒದಗಿಸುವ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಹೊಸ ಕರ್ನಲ್ ಮತ್ತು ಅದರ ಜೊತೆಯ ಫರ್ಮ್‌ವೇರ್ ಪ್ಯಾಕೇಜನ್ನು ಹಾಕಿಕೊಳ್ಳಿ, ಇಲ್ಲವೇ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಏರಿ, ಅದರಲ್ಲಿ 6.12 ಕರ್ನಲ್ ಇದೆ. ಫರ್ಮ್‌ವೇರ್ ಎಂದರೆ ಚಿಪ್‌ನೊಳಗೇ ಓಡುವ ಚಿಕ್ಕ ತಂತ್ರಾಂಶ, ಡ್ರೈವರ್ ಅದನ್ನು ಪ್ರತಿ ಸಲ ಯಂತ್ರ ಎದ್ದಾಗ ಚಿಪ್‌ಗೆ ತುಂಬುತ್ತದೆ. ಮುಕ್ತವಲ್ಲದ ಫರ್ಮ್‌ವೇರನ್ನು ಡೆಬಿಯನ್ ತನ್ನ ಅಧಿಕೃತ ಸ್ಥಾಪನಾ ಪ್ರತಿಯಲ್ಲಿ ಮೊದಲು ಸೇರಿಸುತ್ತಿರಲಿಲ್ಲ, 2022ರಲ್ಲಿ ಸದಸ್ಯರು ಮತ ಹಾಕಿ ನಿರ್ಧರಿಸಿದ ಮೇಲೆ 12ನೆಯ ಆವೃತ್ತಿಯಿಂದ ಸೇರಿಸಿದೆ. ಮುಕ್ತ ತಂತ್ರಾಂಶದ ನಿಷ್ಠರಿಗೆ ಇದು ಹಿಡಿಸಿಲ್ಲ, ಆದರೆ ವೈಫೈ ಇಲ್ಲದ ಕಾರಣಕ್ಕೆ ಲಿನಕ್ಸನ್ನೇ ಬಿಟ್ಟು ಹೋಗುವವರನ್ನು ಕಂಡಾಗ ಆ ನಿರ್ಧಾರ ಸರಿಯೆಂದೇ ನನಗೆ ತೋರುತ್ತದೆ.

ಪ್ರಶ್ನೆ: ವೈಫೈ ‘ಹಾರ್ಡ್‌ವೇರ್ ಸ್ವಿಚ್‌ನಿಂದ ಆಫ್ ಆಗಿದೆ’ ಎನ್ನುತ್ತದೆ. ನನ್ನ ಲ್ಯಾಪ್‌ಟಾಪ್‌ಗೆ ಅಂಥ ಸ್ವಿಚ್ಚೇ ಇಲ್ಲ.
— ಗಂಗಾವತಿಯ ಓದುಗರು

ಉತ್ತರ: ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆದೇಶ ಕೊಡಿ. ‘ಸಾಫ್ಟ್ ಬ್ಲಾಕ್ಡ್’ ಮುಂದೆ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ಮುಗಿಯಿತು. ‘ಹಾರ್ಡ್ ಬ್ಲಾಕ್ಡ್’ ಮುಂದೆ ಇದ್ದರೆ ಮೊದಲು ವಿಮಾನದ ಚಿತ್ರವಿರುವ ಕೀಲಿಯನ್ನು ಎಫ್‌ಎನ್ ಜೊತೆ ಒತ್ತಿ ನೋಡಿ, ಲ್ಯಾಪ್‌ಟಾಪ್‌ನ ಅಂಚನ್ನೂ ಒಮ್ಮೆ ಸವರಿ ನೋಡಿ. ನಿಜವಾಗಿಯೂ ಸ್ವಿಚ್ ಇಲ್ಲದಿದ್ದರೆ, ತಯಾರಕರ ವಿಶೇಷ ಕೀಲಿಗಳಿಗಾಗಿ ಇರುವ ಕರ್ನಲ್ ಮಾಡ್ಯೂಲ್ (ಡ್ರೈವರ್‌ನಂಥ ತುಣುಕು), ಇಲ್ಲದ ಸ್ವಿಚ್ಚನ್ನು ಇದೆಯೆಂದು ಭಾವಿಸಿದೆ. ಪಟ್ಟಿಯಲ್ಲಿ ವೈಫೈ ಎರಡು ಸಲ ಕಂಡು, ಒಂದಕ್ಕೆ ಕಂಪನಿಯ ಹೆಸರಿದ್ದರೆ ಅದೇ ಮಾಡ್ಯೂಲ್. ಅದನ್ನು ಕಳಚಿದಾಗ ವೈಫೈ ಬಂದರೆ ಮಾಡ್ಯೂಲನ್ನು ‘ಬ್ಲ್ಯಾಕ್‌ಲಿಸ್ಟ್’ ಮಾಡಬಹುದು, ಅಂದರೆ ಅದು ಮತ್ತೆ ತಾನಾಗಿ ಬರದಂತೆ ತಡೆಯಬಹುದು.

ಪ್ರಶ್ನೆ: ರೈಲು ನಿಲ್ದಾಣದ ಉಚಿತ ವೈಫೈ ಸೇರುತ್ತದೆ, ಆದರೆ ಒಟಿಪಿ ಕೇಳುವ ಪುಟ ಬರುವುದಿಲ್ಲ.
— ರಾಯಚೂರಿನಿಂದ ದಿನವೂ ಓಡಾಡುವ ನೌಕರರು

ಉತ್ತರ: ಆ ಪುಟ ಬರುವುದು ಜಾಲವು ನಿಮ್ಮ ಮೊದಲ ಕೋರಿಕೆಯನ್ನು ಅಡ್ಡಗಟ್ಟಿ ತಿರುಗಿಸಿದಾಗ. ಸುರಕ್ಷಿತ ತಾಣಗಳಿಗೆ ಹೋಗುವ ಕೋರಿಕೆಯನ್ನು ಹಾಗೆ ತಿರುಗಿಸಲಾಗದು. ಬ್ರೌಸರ್‌ನಲ್ಲಿ ‘ಎಸ್’ ಇಲ್ಲದ ಬರಿಯ ‘ಎಚ್‌ಟಿಟಿಪಿ’ ವಿಳಾಸವೊಂದನ್ನು ತೆರೆಯಿರಿ. ವಿಪಿಎನ್ ಇದ್ದರೆ, ಅಥವಾ ನೀವೇ ಡಿಎನ್‌ಎಸ್ (ತಾಣದ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಸೇವೆ) ವಿಳಾಸ ನಮೂದಿಸಿದ್ದರೆ, ಒಟಿಪಿ ಮುಗಿಯುವವರೆಗೆ ಅದನ್ನು ತೆಗೆದಿಡಿ.

ಪ್ರಶ್ನೆ: ಒಳಗಿನ ಕಾರ್ಡು ಪೂರ್ತಿ ಕೆಟ್ಟಿದೆ. ಯುಎಸ್‌ಬಿ ಡಾಂಗಲ್ ಕೊಳ್ಳುವುದೋ, ಒಳಗಿನ ಕಾರ್ಡನ್ನೇ ಬದಲಿಸುವುದೋ?
— ಸಿರುಗುಪ್ಪದ ಓದುಗರು

ಉತ್ತರ: ಲ್ಯಾಪ್‌ಟಾಪ್ ಬಿಚ್ಚುವ ಅಭ್ಯಾಸವಿದ್ದರೆ ಕಾರ್ಡು ಬದಲಿಸುವುದೇ ಮೇಲು. ಎಂ.2 ಕಿಂಡಿ ಇರುವ ಯಂತ್ರಗಳಿಗೆ ಇಂಟೆಲ್ ಎಎಕ್ಸ್ 200 ಅಥವಾ ಎಎಕ್ಸ್ 210 ಒಪ್ಪುತ್ತದೆ. ಎಎಕ್ಸ್ 201 ಮತ್ತು 211 ಕೊಳ್ಳಬೇಡಿ, ಅವು ನೋಡಲು ಒಂದೇ ಆದರೂ ಅರ್ಧ ಕೆಲಸವನ್ನು ಇಂಟೆಲ್‌ನ ಕೆಲವು ಪ್ರೊಸೆಸರ್‌ಗಳೊಳಗಿನ ಭಾಗಕ್ಕೆ ಬಿಡುವುದರಿಂದ ಬೇರೆ ಯಂತ್ರಗಳಲ್ಲಿ ನಡೆಯುವುದಿಲ್ಲ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಏಳುವುದೇ ಇಲ್ಲ, ಆದ್ದರಿಂದ ಹಿಂತಿರುಗಿಸಬಹುದಾದ ಅಂಗಡಿಯಲ್ಲೇ ಕೊಳ್ಳಿ.

ಡಾಂಗಲ್ ಆದರೆ ಪೆಟ್ಟಿಗೆಯ ಮೇಲಿನ ‘ಲಿನಕ್ಸ್ ಬೆಂಬಲ’ ಎಂಬ ಮಾತನ್ನು ನಂಬದೆ ಚಿಪ್ ಕೇಳಿ. ಮೀಡಿಯಾಟೆಕ್ ಎಂಟಿ 7610ಯು ಮತ್ತು 7612ಯು ಚಿಪ್‌ಗಳಿಗೆ ಡ್ರೈವರ್ ಕರ್ನಲ್‌ನಲ್ಲೇ ಇದೆ, ಎರಡೂ ಪಟ್ಟಿಗಳಲ್ಲಿ ನಡೆಯುತ್ತವೆ. 2.4 ಗಿಗಾಹರ್ಟ್ಸ್ ಸಾಕೆನ್ನುವವರಿಗೆ ಅಥೆರಾಸ್ ಎಆರ್ 9271 ಇದೆ, ಅದರ ಫರ್ಮ್‌ವೇರ್ ಕೂಡ ಮುಕ್ತ. ಕೆಲವು ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ವೈಫೈ ಆಗಿ ಕಾಣದೆ, ವಿಂಡೋಸ್ ಡ್ರೈವರ್ ತುಂಬಿಕೊಂಡ ಸಿಡಿಯಂತೆ ಕಡತಗಳ ಕಿಟಕಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗಾದಾಗ ಅದನ್ನು ಅಂಗಡಿಗೆ ಮರಳಿಸುವ ಮೊದಲು ಆ ಸಿಡಿಯನ್ನು ‘ಇಜೆಕ್ಟ್’ ಮಾಡಿ ಕೆಲವು ಸೆಕೆಂಡು ಕಾಯಿರಿ, ಅಥವಾ ‘ಯುಎಸ್‌ಬಿ ಮೋಡ್‌ಸ್ವಿಚ್’ ಪ್ಯಾಕೇಜನ್ನು ಸ್ಥಾಪಿಸಿಕೊಳ್ಳಿ.